ಚಳಿಯಲ್ಲಿ ಓಡಿದ ಗಾಡಿಗಳು

ನಮ್ಮ ಬಿಳಿ ಕಾರು ಮನೆಗೆ ಬಂದಾಗ ನಾನು ಮೂರನೇ ತರಗತಿಯಲ್ಲಿದ್ದೆ. ಅಂದಿನಿಂದ ಅದರ ಬಿಸಿ ತೋರಿಸುವ ಸೂಜಿ ಕೆಳಗಿನ ಗೆರೆ ಬಿಟ್ಟು ಮೇಲೆದ್ದಿದ್ದನ್ನು ನಾನು ನೋಡಿರಲಿಲ್ಲ. ಅದು ಅಲುಗಾಡಬೇಕಾದ ವಸ್ತು ಎಂದೇ ನನಗೆ ಗೊತ್ತಿರಲಿಲ್ಲ. ಗಾಜಿನ ಹಿಂದೆ ಬರೆದ ಚಿತ್ರ ಅಂದುಕೊಂಡಿದ್ದೆ.

ಜನವರಿಯ ಮೂರನೇ ವಾರ ಅಪ್ಪ ಆ ಕಾರನ್ನು ವರ್ಷದ ತಪಾಸಣೆಗೆ ತೆಗೆದುಕೊಂಡು ಹೋದ. ಆಸ್ಪತ್ರೆಯ ಕೆಲಸಕ್ಕೆ ರಜೆಯಿದ್ದದ್ದರಿಂದ ನಾನೂ ಜೊತೆಗಿದ್ದೆ. ತಪಾಸಣೆಯವನು ಹೊಗೆ ಕೊಳವೆಗೆ ಒಂದು ನಳಿಕೆ ತುರುಕಿ, ಕಂಪ್ಯೂಟರ್ ನೋಡಿ, ಮತ್ತೊಮ್ಮೆ ತುರುಕಿ, ಮತ್ತೊಮ್ಮೆ ನೋಡಿದ.

"ಪಾಸಾಗಲ್ಲ ದೊಡ್ಡಪ್ಪ. ಹೊಗೆ ಕೆಟ್ಟದಾಗಿದೆ."

"ನಿನ್ನ ಮೆಷಿನ್‌ಗೆ ನೆಗಡಿ ಆಗಿರ್ಬೇಕು," ಎಂದ ಅಪ್ಪ.

"ಮೆಷಿನ್‌ಗಲ್ಲ, ನಿಮ್ಮ ಇಂಜಿನ್‌ಗೆ. ಅರ್ಧ ಗಂಟೆಯಿಂದ ಓಡ್ತಿದೆ, ಇನ್ನೂ ತಣ್ಣಗೇ ಇದೆ ನೋಡಿ. ಚಳಿ ಚಳಿ ಅಂತ ಪೆಟ್ರೋಲ್ ಕುಡೀತಾ ಕೂತಿದೆ. ನೀರಿನ ವಾಲ್ವ್ ಇಲ್ವಾ ಇದಕ್ಕೆ? ಯಾವ ಪುಣ್ಯಾತ್ಮ ತೆಗೆದಿದ್ದು?"

ಅಪ್ಪ ತಗಡಿನ ಸೂರು ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ. ಆ ಪುಣ್ಯಾತ್ಮ ಯಾರು ಎಂಬುದು ಉತ್ತರ ಥಾಯ್ಲೆಂಡಿನ ನಮ್ಮ ಪುವಾ ಊರಿನ ನಾಯಿಗಳಿಗೂ ಗೊತ್ತಿತ್ತು. ತಪಾಸಣೆಯವನು ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವನು, ಪಾಪ.

ನೀರಿನ ವಾಲ್ವ್ ಅಂದರೆ ಥರ್ಮೋಸ್ಟಾಟ್. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಹಿತ್ತಾಳೆ ಬಿಲ್ಲೆ, ಅದಕ್ಕೊಂದು ಸ್ಪ್ರಿಂಗು. ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಹೋಗದ ಹಾಗೆ ತಡೆದು ನಿಲ್ಲುವುದು, ಸಾಕಷ್ಟು ಬಿಸಿಯಾದ ಮೇಲೆ ತಾನಾಗಿ ತೆರೆದು ದಾರಿ ಬಿಡುವುದು ಅದರ ಕೆಲಸ. ಇಪ್ಪತ್ತಾರು ವರ್ಷಗಳಿಂದ ನಮ್ಮಪ್ಪ ಖಂಪಾನ್ ತನ್ನ ಅಂಗಳಕ್ಕೆ ಬಂದ ಪ್ರತಿಯೊಂದು ಗಾಡಿಯಿಂದಲೂ ಅದನ್ನು ಬಿಚ್ಚಿ ಎಸೆದಿದ್ದಾನೆ. "ಇದು ಜಪಾನಿನ ಹಿಮಕ್ಕೆ ಅಂತ ಮಾಡಿದ್ದು. ನಮ್ಮೂರಲ್ಲಿ ಹಿಮ ಎಲ್ಲಿದೆ ಹೇಳಿ? ನೀರು ಹರೀಲಿ ಬಿಡಿ," ಎನ್ನುತ್ತಿದ್ದ. ಜನವರಿಯ ಬೆಳಗ್ಗೆ ಉಣ್ಣೆ ಟೋಪಿ ಹಾಕಿಕೊಂಡು, ಬೆಂಕಿಗೆ ಕೈ ಕಾಯಿಸುತ್ತಾ ಕುಳಿತು ಹೀಗೆನ್ನುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಊರಿಗೆ ಇರುವವನು ಅವನೊಬ್ಬನೇ ಮೆಕ್ಯಾನಿಕ್, ಒಳ್ಳೆಯ ಮೆಕ್ಯಾನಿಕ್. ಮದುವೆ ದಿಬ್ಬಣ ನಿಂತರೂ ಹೆಣದ ಗಾಡಿ ನಿಂತರೂ ಊಟದ ಕೈ ತೊಳೆದುಕೊಂಡು ಎದ್ದು ಬರುವವನು. ವಾಲ್ವ್ ಖಂಪಾನ್ ಎಂಬ ಹೆಸರನ್ನು ಊರು ಪ್ರೀತಿಯಿಂದಲೇ ಇಟ್ಟಿತ್ತು.

ಎಸೆದಿದ್ದಾನೆ ಎಂದೆ, ಅದು ಸರಿಯಲ್ಲ. ಬಿಚ್ಚಿದ ವಾಲ್ವ್‌ಗಳನ್ನು ಅವನು ತನ್ನ ಬೀಸುಬಲೆಯ ಅಂಚಿಗೆ ಸೀಸದ ಗುಂಡುಗಳ ಬದಲು ಕಟ್ಟಿಕೊಂಡಿದ್ದ. ಊರಿನ ಗಾಡಿಗಳೆಲ್ಲ ಸೇರಿ ನದಿಯಲ್ಲಿ ಮೀನು ಹಿಡಿಯುತ್ತಿದ್ದವು.

ವಾಪಸು ಬಂದು ಅಪ್ಪ ಮನೆಯ ಮುಂದೆ ಲಾಂಗನ್ ಹಣ್ಣಿನ ಮರದ ಕೆಳಗೆ ಕಾರು ನಿಲ್ಲಿಸಿ, ಕೀ ತಿರುಗಿಸಿ ಆರಿಸಿದ. ಇಳಿಯಲಿಲ್ಲ.

"ಲಾ," ಎಂದ. ನನ್ನ ಹೆಸರು ಸೇಂಗ್ಲಾ. ಅಪ್ಪನಿಗೆ ಅರ್ಧ ಸಾಕು. "ಇಂಜಿನ್ ಬಿಸಿ ಆಗ್ದೇ ಇದ್ರೆ ಪೆಟ್ರೋಲ್ ಜಾಸ್ತಿ ಕುಡಿಯತ್ತೆ ಅಂದ್ನಲ್ಲ ಅವನು."

"ಹೂಂ."

"ಅದು ನಿಜ."

"ನಿಂಗೊತ್ತಿತ್ತಾ?"

"ಒಂದು ಆರೇಳು ವರ್ಷದಿಂದ ಅನುಮಾನ." ಅವನು ಸ್ಟೇರಿಂಗ್‌ನ ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದ. "ಹಳೇ ಗಾಡಿಗಳು ಬೇರೆ ಕಣೆ. ಆಗ ಎಲ್ರೂ ಹಳ್ಳದ ನೀರು ತುಂಬ್ಸೋರು. ಕೆಸರು, ತುಕ್ಕು. ವಾಲ್ವ್ ಕಚ್ಚಿಕೊಂಡು ನಿಂತು ಘಾಟಿ ಮೇಲೆ ಇಂಜಿನ್ ಕುದಿಯೋದು. ತೆಗೆದ್ರೆ ಕುದೀತಿರ್ಲಿಲ್ಲ. ಜನ ಕೈ ಮುಗಿಯೋರು. ಆಮೇಲೆ ಗಾಡಿ ಬದಲಾಯ್ತು, ತುಕ್ಕು ಹಿಡಿಸದ ಬಣ್ಣದ ನೀರು ಬಂತು. ನಾನು ಬದಲಾಗ್ಲಿಲ್ಲ."

"ಸರಿ, ಒಂದು ತಂದು ಹಾಕಿದ್ರಾಯ್ತು."

"ಯಾರು ತರೋದು?"

ಕಷ್ಟ ಇದ್ದದ್ದೇ ಅಲ್ಲಿ. ಬಿಡಿಭಾಗದ ಅಂಗಡಿ ಇರುವುದು ಒಂದೇ, ಚಾನ್‌ಫಾಂಗ್ ದೊಡ್ಡಮ್ಮನದು, ಸಂತೆಯ ಎದುರಿಗೆ. ಅಲ್ಲಿ ವಾಲ್ವ್ ಖಂಪಾನ್ ಹೋಗಿ ವಾಲ್ವ್ ಕೇಳಿದರೆ, ಅವನು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ನೂಡಲ್ಸ್ ಅಂಗಡಿ ದಾಟಿ ವಿಹಾರ ಮುಟ್ಟಿರುತ್ತದೆ. ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿದ ಮಾತು. ನಗಲಿ, ಅದನ್ನು ತಡೆದುಕೊಂಡೇನು ಎಂದ ಅಪ್ಪ. ನಾಳೆ ಬ್ರೇಕಿನ ಬಗ್ಗೆ ನಾನೊಂದು ಮಾತು ಹೇಳಿದರೆ, ಇವನು ಇದರಲ್ಲೂ ತಪ್ಪಿರಬಹುದು ಎಂದು ಅವರು ಒಂದು ಕ್ಷಣ ಯೋಚಿಸುತ್ತಾರಲ್ಲ, ಆ ಒಂದು ಕ್ಷಣ ನನಗೆ ಬೇಡ ಎಂದ.

"ನೀನು ಹೋಗು. ಆಸ್ಪತ್ರೆ ಡಾಕ್ಟ್ರ ಗಾಡಿಗೆ ಅನ್ನು. ನನ್ನ ಹೆಸರು ಎತ್ಬೇಡ."

ನಾನು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯಲ್ಲಿ ಕೂರುತ್ತೇನೆ. ಯಾರಿಗೆ ಮೂಲವ್ಯಾಧಿ, ಯಾರಿಗೆ ನಿದ್ದೆಯಿಲ್ಲ ಎಂಬುದೆಲ್ಲ ನನಗೆ ಗೊತ್ತು, ಹೊರಗೆ ಆಡುವುದಿಲ್ಲ. ಈ ಕೆಲಸಕ್ಕೆ ನಾನೇ ಸರಿ ಎಂದು ನನಗೂ ಅನ್ನಿಸಿತು.

ಚಾನ್‌ಫಾಂಗ್ ದೊಡ್ಡಮ್ಮ ಅಂಗಡಿಯಲ್ಲಿ ಕುಳಿತು ಹಸಿ ಮಾವಿನಕಾಯಿಗೆ ಖಾರದುಪ್ಪು ಹಚ್ಚುತ್ತಿದ್ದಳು. ಹಿಂದೆ ಗೋಡೆ ತುಂಬ ಬೆಲ್ಟುಗಳು, ಬಲ್ಬುಗಳು, ಡಬ್ಬಿಗಳು.

"ನೀರಿನ ವಾಲ್ವ್ ಒಂದು ಬೇಕಿತ್ತು ದೊಡ್ಡಮ್ಮ. ನಮ್ಮ ಆಸ್ಪತ್ರೆ ಡಾಕ್ಟ್ರ ಗಾಡಿಗೆ." ಗಾಡಿಯ ವರ್ಷ, ಇಂಜಿನ್ ಹೇಳಿದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಡಾಕ್ಟ್ರು ಓಡ್ಸೋದು ಬೈಕು."

"ಹೊಸ ಡಾಕ್ಟ್ರು."

"ಹೊಸ ಡಾಕ್ಟ್ರಿಗೆ ನಿಮ್ಮಪ್ಪನ ಕಾರಿನಂಥದ್ದೇ ಕಾರು. ಅದೇ ವರ್ಷದ್ದು. ಇರ್ಲಿ ಬಿಡು." ಕೈ ಒರೆಸಿಕೊಂಡು ಎದ್ದು, ನೋಡದೆಯೇ ಒಂದು ಡಬ್ಬಿಗೆ ಕೈ ಹಾಕಿ ವಾಲ್ವ್ ತೆಗೆದಳು. ಜೊತೆಗೆ ರಬ್ಬರಿನ ಒಂದು ಬಳೆ. "ಗ್ಯಾಸ್ಕೆಟ್ ಹೊಸದೇ ಹಾಕ್ಬೇಕು ಅಂತ ಹೇಳು ಡಾಕ್ಟ್ರಿಗೆ."

"ಇದು ನಿಮ್ಮಲ್ಲಿ ಖರ್ಚೇ ಆಗಲ್ಲ ಅಂದ್ಕೊಂಡಿದ್ದೆ. ಇಷ್ಟೊಂದು ಇಟ್ಟಿದ್ದೀರ."

ಅವಳು ರಸ್ತೆಯ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಮಾವಿನಕಾಯಿಯ ತಟ್ಟೆಯನ್ನು ನನ್ನತ್ತ ತಳ್ಳಿದಳು. ನಮ್ಮೂರಲ್ಲಿ ಹಾಗೆ ತಟ್ಟೆ ತಳ್ಳಿದರೆ ಬಾಯಿಗೆ ಬೀಗ ಹಾಕಿಕೊಂಡು ಕೇಳು ಎಂದರ್ಥ.

"ಲಾ, ನಿಮ್ಮಪ್ಪ ವಾಲ್ವ್ ತೆಗೆದ ಗಾಡಿಗಳಿಗೆಲ್ಲ ಜನ ಹೊಸದು ಹಾಕಿಸ್ಕೊಂಡಿದಾರೆ ಕಣೆ. ಎಷ್ಟೋ ವರ್ಷ ಆಯ್ತು. ಪಕ್ಕದೂರಿಗೆ ಹೋಗಿ ಹಾಕಿಸ್ಕೊಂಡು ಬರ್ತಾರೆ. ಕೆಲವ್ರು ತಾವೇ ಹಾಕ್ಕೊಂತಾರೆ."

ನಾನು ಮಾವಿನಕಾಯಿ ನುಂಗಿದೆ.

"ಯಾರ್ಯಾರು?"

"ಯಾರಿಲ್ಲ ಅಂತ ಕೇಳು. ತರಕಾರಿ ವಾನ್ದೀ ಇಲ್ವಾ? ಆಯಿಲ್ ಬದಲಾಯ್ಸೋಕೆ ನಿಮ್ಮಪ್ಪನ ಹತ್ರ ಬರೋ ಹಿಂದಿನ ದಿನ ವಾಲ್ವ್ ಬಿಚ್ಚಿಡ್ತಾಳೆ, ಮನೆಗೆ ಹೋಗಿ ಮತ್ತೆ ಹಾಕ್ತಾಳೆ. ಈಗ ಹತ್ತೇ ನಿಮಿಷ ಅವಳಿಗೆ. ವಿಹಾರದ ಪಿಕಪ್‌ದು ನಾನೇ ಕೊಟ್ಟಿದ್ದು. ಆ ಬುನ್ಮಾ ಬೇರೆ ತಾನೇ ಹಾಕ್ಕೋತೀನಿ ಅಂತ ತಗೊಂಡು ಹೋದ. ಎಲ್ರೂ ಒಂದೇ ಮಾತು, ಖಂಪಾನ್‌ಗೆ ಹೇಳ್ಬೇಡ, ಅವನ ಮನಸ್ಸಿಗೆ ಬೇಜಾರಾಗತ್ತೆ."

ಇನ್ನೊಬ್ಬರಿಗೆ ಬೇಜಾರಾದೀತು ಎಂಬ ಹೆದರಿಕೆ ನಮ್ಮ ಕಣಿವೆಯಲ್ಲಿ ಮಲೇರಿಯಾದಷ್ಟೇ ಹಳೆಯದು. ಮಲೇರಿಯಾಕ್ಕೆ ಮಾತ್ರೆ ಬಂತು. ಆದರೂ ಇಷ್ಟು ವರ್ಷ, ಒಂದಿಡೀ ಊರು! ಅಪ್ಪನಿಗೆ ಊರಿನ ಮುಂದೆ ಮುಖ ಉಳಿಸಿಕೊಳ್ಳುವ ಚಿಂತೆ. ಊರಿಗೆ ಅಪ್ಪನ ಮುಖ ಉಳಿಸುವ ಚಿಂತೆ. ನಾನು ವಾಲ್ವನ್ನು ಚೀಲದಲ್ಲಿ ಹಾಕಿಕೊಂಡು ಎರಡರ ನಡುವೆ ಸ್ಕೂಟರ್ ಓಡಿಸುತ್ತಾ ಮನೆಗೆ ಬಂದೆ. ಹೇಳಲಿಲ್ಲ. ಅಪ್ಪ ಗೇಟಿನ ಹತ್ತಿರವೇ ನಿಂತಿದ್ದ.

"ಅನುಮಾನ ಬಂತಾ ಅವಳಿಗೆ?"

"ಇಲ್ಲ."

"ಅವಳು ಸ್ವಲ್ಪ ದಡ್ಡಿ," ಎಂದ ಅಪ್ಪ, ಸಮಾಧಾನದಿಂದ.

ಭಾನುವಾರ ಬೆಳಗ್ಗೆ ಅಮ್ಮ ವಿಹಾರಕ್ಕೆ ಹೋದ ಮೇಲೆ ಕೆಲಸ ಎಂದು ನಿಶ್ಚಯವಾಗಿತ್ತು. ಅಮ್ಮ ಹೋಗಲಿಲ್ಲ. ಮಂಡಿ ನೋವು ಎಂದಳು. ಕೆಂಪು ಷರಬತ್ತಿನ ಬಾಟಲಿಗೆ ಸ್ಟ್ರಾ ಹಾಕಿ, ಮಲ್ಲಿಗೆ ಮಾಲೆ ಹಿಡಿದು, ಮಂಡಿ ನೋವಿನ ಸುಳಿವೂ ಇಲ್ಲದೆ ಕಾರಿನ ಮುಂದೆ ಬಂದು ನಿಂತಳು. ಪ್ರತಿ ಗಾಡಿಯಲ್ಲೂ ಅದನ್ನು ಕಾಯುವ ಒಬ್ಬಳು ಗಾಡಿಯಮ್ಮ ಇರುತ್ತಾಳೆ, ಷರಬತ್ತು ಅವಳಿಗೆ ನೈವೇದ್ಯ. ಅವಳ ಮನೆಯ ಬಾಗಿಲು ತೆರೆಯುವ ಮೊದಲು ಹೇಳದೆ ಕೇಳದೆ ಸ್ಪ್ಯಾನರ್ ಹಾಕುವುದು ಅಮ್ಮನಿಗೆ ಆಗದು.

"ಅಮ್ಮಾ ತಾಯಿ, ನನ್ನ ಗಂಡ ನಿನ್ನ ಹೊಟ್ಟೆಯಿಂದ ಏನೋ ಕದ್ದಿದ್ನಂತೆ. ಇವತ್ತು ವಾಪಸ್ ಇಡ್ತಾನಂತೆ. ತಡ ಆಯ್ತು, ಕ್ಷಮಿಸು," ಎಂದು ಕೈ ಮುಗಿದಳು.

ಅಪ್ಪ ನನ್ನನ್ನು ನೋಡಿದ. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

"ನಿಂಗ್ಯಾರು ಹೇಳಿದ್ರು ಸೀನುವನ್?"

"ಮೂರು ದಿನದಿಂದ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತಾ ನಿದ್ದೇಲಿ ವಾಲ್ವ್ ವಾಲ್ವ್ ಅಂತಿದ್ದೀರಿ. ಹಾಸಿಗೇಲಿ ನಾನೂ ಇರ್ತೀನಲ್ಲ. ಬೇಗ ಮುಗಿಸಿ, ಅನ್ನಕ್ಕಿಟ್ಟಿದ್ದೀನಿ."

ಅಪ್ಪ ಮೊದಲು ಅಡುಗೆಮನೆಗೆ ಹೋದ. ಹೊಸ ವಾಲ್ವನ್ನು ಹಾಕುವ ಮೊದಲು ಬಿಸಿನೀರಿನಲ್ಲಿ ಪರೀಕ್ಷೆ ಮಾಡಬೇಕು, ಅದು ಅವನಿಗೆ ಗೊತ್ತಿತ್ತು. ಆದರೆ ಒಮ್ಮೆಯೂ ಮಾಡಿರಲಿಲ್ಲ. ಒಲೆಯ ಮೇಲೆ ಅಂಟಕ್ಕಿ ಬೇಯಿಸುವ ಪಾತ್ರೆ ಇತ್ತು. ಕೆಳಗೆ ನೀರು, ಬಾಯಿಗೆ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಅಕ್ಕಿ. ನಾನು ಬುಟ್ಟಿಯನ್ನು ಎತ್ತಿ ಹಿಡಿದೆ. ಅಪ್ಪ ವಾಲ್ವಿಗೆ ದಾರ ಕಟ್ಟಿ ನೀರಿಗಿಳಿಸಿದ. ಆಸ್ಪತ್ರೆಯ ಲ್ಯಾಬಿನಿಂದ ತಂದಿದ್ದ ಉದ್ದನೆಯ ಗಾಜಿನ ಥರ್ಮಾಮೀಟರನ್ನು ನಾನು ಇನ್ನೊಂದು ಕೈಯಲ್ಲಿ ಇಳಿಬಿಟ್ಟೆ.

"ಎಪ್ಪತ್ತು," ಎಂದೆ. "ಎಪ್ಪತ್ತೈದು."

ಏನೂ ಆಗಲಿಲ್ಲ. ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಎದ್ದವು. ಎಂಬತ್ತು. ಎಂಬತ್ತೊಂದು. ಆಗ ಆ ಬಿಲ್ಲೆ, ಯಾರೂ ಮುಟ್ಟದೆ, ಮಲಗಿದ್ದವರು ತುಟಿ ಬಿಚ್ಚುವ ಹಾಗೆ ಕೂದಲೆಳೆಯಷ್ಟು ತೆರೆಯಿತು. ಮತ್ತೆ ಇನ್ನಷ್ಟು. ದಾರದ ತುದಿಯಲ್ಲಿ ತೆರೆದುಕೊಂಡೇ ನಿಂತಿತು. ಅಪ್ಪ ಅದನ್ನು ಮೇಲೆತ್ತಿದ. ಗಾಳಿಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಅದು ಮೆಲ್ಲಗೆ ಮುಚ್ಚಿಕೊಂಡಿತು. ಅವನು ಮತ್ತೆ ಇಳಿಸಿದ. ಮತ್ತೆ ತೆರೆಯಿತು. ನಾಲ್ಕು ಸಲ ಹೀಗೆ ಮಾಡಿದ. ನನ್ನ ಕೈ ಸೋತಿತು.

"ಅನ್ನದ ನೀರಲ್ಲಿ ಕಬ್ಬಿಣ ಬೇಯಿಸ್ತಿದ್ದಾರೆ ಅಪ್ಪ ಮಗಳು," ಎಂದಳು ಅಮ್ಮ ಬಾಗಿಲಲ್ಲಿ. "ಉಪ್ಪು ಖಾರ ಹಾಕ್ಲಾ?"

"ಸೀನುವನ್, ಬಾ ಇಲ್ಲಿ. ನೋಡು. ಯಾರೂ ಹೇಳಿಕೊಡದೆ ತಾನೇ ತೆಗೀತದೆ, ತಾನೇ ಮುಚ್ತದೆ." ಅವನ ದನಿ ಬದಲಾಗಿತ್ತು. "ಇಷ್ಟು ಪಾಪದ್ದು ಇದು. ಇದನ್ನ ನಾನು ಮೀನು ಹಿಡಿಯೋಕೆ ಕಟ್ಟಿದ್ದೀನಿ."

ಅಮ್ಮ ಬಗ್ಗಿ ನೋಡಿದಳು. ಅವಳಿಗೂ ಹಿಡಿಸಿತು. ಆದರೂ ಪಾತ್ರೆಯ ನೀರು ಚೆಲ್ಲಿ ಹೊಸ ನೀರು ಇಟ್ಟಳು.

ಕಾರಿನ ಕೆಲಸ ಅರ್ಧ ಗಂಟೆಯದು. ಇಂಜಿನ್ ತಣ್ಣಗಿತ್ತು, ಅದು ಯಾವಾಗಲೂ ತಣ್ಣಗೇ. ಅಪ್ಪ ರೇಡಿಯೇಟರ್‌ನ ಕೆಳಗಿನ ತಿರುಪು ಸಡಿಲಿಸಿ ಹಸಿರು ನೀರನ್ನು ಬಕೆಟ್ಟಿಗೆ ಇಳಿಸಿದ. ಬಕೆಟ್ಟಿನ ಮೇಲೆ ನಾನು ಹಲಗೆ ಮುಚ್ಚಿದೆ, ಆ ನೀರು ಸಿಹಿಯಂತೆ, ನಾಯಿ ನೆಕ್ಕಿದರೆ ಸಾಯುತ್ತದೆ. ದಪ್ಪ ಪೈಪಿನ ಕ್ಲಿಪ್ಪು ಹಿಂಡಿ, ಪೈಪನ್ನು ಹಿಂದೆ ಮುಂದೆ ತಿರುಚಿ ಎಳೆದ. ಪೈಪು ಕೂರುವ ಮುಚ್ಚಳದ ಎರಡು ಬೋಲ್ಟು ತುಕ್ಕು ಹಿಡಿದಿದ್ದವು. ಅಪ್ಪ ಎಣ್ಣೆ ಬಿಟ್ಟು, ಕಾದು, ಹಲ್ಲು ಕಚ್ಚಿ ತಿರುಗಿಸಿದ. "ಹದಿನೆಂಟು ವರ್ಷ ಮುಟ್ದೇ ಇದ್ರೆ ಬೋಲ್ಟು ಹೀಗೇ ಕಿರುಚೋದು," ಎಂದ. ಆ ಮಾತನ್ನು ನಾನು ಆಮೇಲೆ ನೆನಪು ಮಾಡಿಕೊಳ್ಳಬೇಕಾಯಿತು.

ಮುಚ್ಚಳ ಬಂತು. ಒಳಗೆ ವಾಲ್ವ್ ಇರಬೇಕಾದ ಜಾಗದಲ್ಲಿ ದುಂಡನೆಯ ಖಾಲಿ ಗೂಡು. ಅಪ್ಪ ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು, ಬಟ್ಟೆಯಿಂದ ಒರೆಸಿದ.

"ಸ್ಪ್ರಿಂಗ್ ಇರೋ ಕಡೆ ಇಂಜಿನ್ ಒಳಕ್ಕೆ. ಇದೊಂದು ನೆನಪಿಟ್ಕೋ. ತಿರುಗುಮುರುಗು ಹಾಕಿದ್ರೆ ಅದಕ್ಕೆ ಇಂಜಿನ್ನಿನ ಬಿಸಿ ಗೊತ್ತೇ ಆಗಲ್ಲ, ತೆಗೆಯಲ್ಲ, ಎಲ್ಲ ಕುದಿಯತ್ತೆ. ಇಲ್ಲೊಂದು ಸಣ್ಣ ಪಿನ್ನು ಲಟಪಟ ಅಂತಿದೆಯಲ್ಲ, ಇದು ಮೇಲಕ್ಕೆ. ಗಾಳಿ ಹೋಗೋ ದಾರಿ."

"ಹಾಕದೇ ಇರೋನಿಗೆ ಹಾಕೋದು ಇಷ್ಟು ಚೆನ್ನಾಗಿ ಹೇಗೆ ಗೊತ್ತು?"

"ಒಂದನ್ನ ತೆಗೀಬೇಕಾದ್ರೂ ಹೇಗಿತ್ತು ಅಂತ ನೋಡ್ತೀವಲ್ಲ."

ಮುಚ್ಚಳ ಹಾಕಿ, ಬೋಲ್ಟುಗಳನ್ನು ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಸಮನಾಗಿ ಬಿಗಿದು, ನೀರು ತುಂಬಿಸಿ, ಇಂಜಿನ್ ಓಡಿಸಿ, ಗಾಳಿಯ ಗುಳ್ಳೆಗಳು ನಿಲ್ಲುವ ತನಕ ಕಾದೆವು. ನಾನು ಒಳಗೆ ಕುಳಿತು ಸೂಜಿ ನೋಡುತ್ತಿದ್ದೆ. ಅಮ್ಮ ಪಕ್ಕದ ಸೀಟಿನಲ್ಲಿ. ಸೂಜಿ ಎದ್ದಿತು. ನಾನು ಸಣ್ಣ ಮಗುವಿನ ಹಾಗೆ ಕೂಗಿಬಿಟ್ಟೆ. ಅದು ಏರಿ, ಏರಿ, ಸರಿಯಾಗಿ ನಡುವೆ ಬಂದು ನಿಂತಿತು.

"ಅಷ್ಟೇನಾ?" ಎಂದಳು ಅಮ್ಮ.

"ಅಷ್ಟೇ ಇರೋದು," ಎಂದ ಅಪ್ಪ ಹೊರಗಿನಿಂದ.

ಬುಧವಾರ ಕಾರು ತಪಾಸಣೆಯಲ್ಲಿ ಪಾಸಾಯಿತು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಯಾರಿಗೂ ಗೊತ್ತಾಗಿಲ್ಲ, ಮುಖ ಉಳಿದಿದೆ. ಆದರೆ ಗುರುವಾರ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಅನ್ನದ ಉಂಡೆಯನ್ನು ಹಸಿಮೆಣಸಿನ ಚಟ್ನಿಗೆ ಅದ್ದಿದವನು ಬಾಯಿಗಿಡಲಿಲ್ಲ. ಎದ್ದು ಹೋಗಿ ಬಲೆ ತಂದು ಚಾಪೆಯ ಮೇಲೆ ಹರಡಿದ.

"ಇದು ವಾನ್ದೀದು. ಇದು ವಿಹಾರದ್ದು. ಇದು ಬುನ್ಮಾಂದು." ಬೆರಳಿನಿಂದ ಒಂದೊಂದನ್ನೂ ಮುಟ್ಟುತ್ತಾ ಹೋದ. ಗುಜರಿಗೆ ಹೋದ ಗಾಡಿಗಳನ್ನು, ಮಾರಿಹೋದವನ್ನು ಬಿಟ್ಟ. ಊರಿನಲ್ಲಿ ಇನ್ನೂ ಓಡುತ್ತಿರುವವು ಹನ್ನೊಂದು. "ನನ್ನ ಮಾತು ಕೇಳಿ ಇವೆಲ್ಲ ಇಷ್ಟು ವರ್ಷ ಚಳೀಲಿ ಓಡಿವೆ. ನಂದೊಂದನ್ನ ಬೆಚ್ಚಗೆ ಮಾಡ್ಕೊಂಡು ನಾನು ಸುಮ್ನೆ ಕೂತ್ರೆ ಆಗತ್ತಾ?"

"ಏನ್ಮಾಡ್ತೀಯಪ್ಪ?"

"ಶನಿವಾರ ಮನೆ ಮನೆಗೂ ಹೋಗ್ತೀನಿ. ತಪ್ಪಾಯ್ತು ಅಂತ ಹೇಳ್ತೀನಿ. ನಾನೇ ಹಾಕಿಕೊಟ್ಟು ಬರ್ತೀನಿ. ನಗೋರು ನಗ್ಲಿ."

ಅಮ್ಮ ಅವನ ತಟ್ಟೆಗೆ ಹಂದಿಚರ್ಮದ ಕರಿದ ತುಂಡು ಎರಡು ಹೆಚ್ಚಿಗೆ ಹಾಕಿದಳು.  ಮುಖಕ್ಕಾಗಿ ಒಂದು ವಾಲ್ವನ್ನು ಕದ್ದುಮುಚ್ಚಿ ತರಿಸಿದವನು ಈಗ ಅದೇ ಮುಖವನ್ನು ಕೈಯಲ್ಲಿ ಹಿಡಿದುಕೊಂಡು ಹನ್ನೊಂದು ಬಾಗಿಲು ತಟ್ಟಲು ಹೊರಟಿದ್ದಾನೆ. ಮೊದಲನೇ ಮನೆಯಲ್ಲಿ ಬಾನೆಟ್ ಎತ್ತುತ್ತಾನೆ, ಒಳಗೆ ವಾಲ್ವ್ ಇರುತ್ತದೆ. ಎರಡನೇ ಮನೆಯಲ್ಲೂ. ತನ್ನ ಮಾತನ್ನು ಯಾರೂ ಎಂದೂ ನಂಬಿರಲಿಲ್ಲ ಎಂದು ಅವನು ಹನ್ನೊಂದು ಸಲ ತಿಳಿದುಕೊಳ್ಳಬೇಕು. ನಗು ತಡೆದುಕೊಂಡಾನು. ಇದನ್ನು ತಡೆದುಕೊಳ್ಳಲಾರ.

ಅವನಿಗೆ ಹೇಳುವುದೋ, ಊರಿಗೆ ಹೇಳುವುದೋ?

ಶುಕ್ರವಾರ ಕೆಲಸ ಮುಗಿಸಿ ನೇರವಾಗಿ ಚಾನ್‌ಫಾಂಗ್ ದೊಡ್ಡಮ್ಮನ ಅಂಗಡಿಗೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಅವಳು, "ಬೆಳಗ್ಗೆ ನಿಮ್ಮಪ್ಪ ಬಂದಿದ್ದ ಕಣೆ. ಎದೆ ಉಬ್ಬಿಸ್ಕೊಂಡು ಬಂದು ಹನ್ನೊಂದು ವಾಲ್ವ್ ಕೊಡು ಅಂದ. ಎಣಿಸ್ತಾ ಮೂರು ಸಲ ತಪ್ಪಿದೆ," ಎಂದಳು.

"ನಾಳೆ ಬೆಳಗ್ಗೆ ಎಲ್ಲರ ಮನೆಗೂ ಹೋಗ್ತಾನೆ ದೊಡ್ಡಮ್ಮ. ಯಾರ ಗಾಡೀಲೂ ವಾಲ್ವ್ ಇರಬಾರ್ದು."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಕೂಡಲೇ ಫೋನ್ ಎತ್ತಿಕೊಂಡಳು. "ಏಯ್ ವಾನ್ದೀ, ಸೊಪ್ಪು ಕಟ್ಟೋದು ಬಿಟ್ಟು ಸ್ಪ್ಯಾನರ್ ತಗೋ..."

ಆ ಸಂಜೆ ನಾನು ಸ್ಕೂಟರ್‌ನಲ್ಲಿ ಮನೆಗೆ ಹೋಗುವಾಗ ನಮ್ಮ ಬೀದಿಯಲ್ಲಿ, ಹಿಂದಿನ ಬೀದಿಯಲ್ಲಿ, ವಿಹಾರದ ಗೋಡೆಯ ಆಚೆ, ಅಂಗಳ ಅಂಗಳದಲ್ಲೂ ಗಾಡಿಗಳು ಬಾಯಿ ತೆರೆದು ನಿಂತಿದ್ದವು. ಬಾನೆಟ್ಟುಗಳ ಕೆಳಗೆ ಬಗ್ಗಿದ ಬೆನ್ನುಗಳು. ಯಾರೋ ಬೈಯುತ್ತಿದ್ದರು, ಯಾರೋ ಬಕೆಟ್ ತರುತ್ತಿದ್ದರು. ನಾನು ಹಾದುಹೋದಾಗ ಎಲ್ಲರೂ ತಲೆಯೆತ್ತಿ, ಏನೂ ಇಲ್ಲ ಎಂಬಂತೆ, "ಊಟ ಆಯ್ತಾ ಲಾ?" ಎಂದು ಕೇಳಿದರು.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಮೇಲೆ ಗ್ರೀಸಿನ ಕೋಟು. ಸ್ಪ್ಯಾನರ್ ಪೆಟ್ಟಿಗೆ ನಾನು ಹಿಡಿದೆ.

ಮೊದಲು ವಾನ್ದೀ ಅಕ್ಕನ ಮನೆ. ಅಪ್ಪ ಗೇಟಿನಲ್ಲೇ ನಿಂತು ಎರಡೂ ಕೈ ಜೋಡಿಸಿದ. ಅವನಿಗಿಂತ ಹದಿನೈದು ವರ್ಷ ಚಿಕ್ಕವಳು ಅವಳು, ಗಾಬರಿಯಾಗಿ ಇನ್ನೂ ಕೆಳಗೆ ಬಗ್ಗಿ ಕೈ ಮುಗಿದಳು.

"ವಾನ್ದೀ, ನಾನು ನಿಂಗೆ ತಪ್ಪು ಹೇಳಿದ್ದೆ. ವಾಲ್ವ್ ಬೇಕು. ಹಾಕ್ಕೊಡೋಕೆ ಬಂದಿದ್ದೀನಿ."

"ಅಯ್ಯೋ ದೊಡ್ಡಪ್ಪ, ನಂಗೇನು ಗೊತ್ತು, ಓಡ್ತಿತ್ತು, ಓಡಿಸ್ತಿದ್ದೆ," ಎಂದಳು ವಾನ್ದೀ ಅಕ್ಕ. ಅವಳ ಉಗುರುಗಳಲ್ಲಿ ಕಪ್ಪು ಇತ್ತು. ಗಾಡಿಯ ಕೆಳಗಿನ ಮಣ್ಣು ಹಸಿರಾಗಿ ಒದ್ದೆಯಾಗಿತ್ತು.

ಅಪ್ಪ ಆ ಒದ್ದೆಯ ಪಕ್ಕದಲ್ಲೇ ಮಂಡಿಯೂರಿ ಸ್ಪ್ಯಾನರ್ ಹಾಕಿದ. ಬೋಲ್ಟು ಸದ್ದಿಲ್ಲದೆ ತಿರುಗಿತು. ಅವನು ಸ್ಪ್ಯಾನರ್ ತೆಗೆದು ಬೆರಳಿನಲ್ಲೇ ಉಳಿದದ್ದನ್ನು ಬಿಚ್ಚಿದ. ಒಂದು ಕ್ಷಣ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದ. ತುಕ್ಕಿನ ಚೂರೂ ಇರಲಿಲ್ಲ. ವಾಲ್ವ್ ಹಾಕಿ, ಗಾಳಿ ತೆಗೆದು, ಸೂಜಿ ನಡುವೆ ಬರುವ ತನಕ ನಿಂತ. "ಓಹೋ!" ಎಂದು ವಾನ್ದೀ ಅಕ್ಕ ಸೂಜಿಯನ್ನು ಜನ್ಮದಲ್ಲಿ ಮೊದಲ ಸಲ ನೋಡಿದವಳಂತೆ ಬೆರಗಾದಳು. ಸ್ವಲ್ಪ ಹೆಚ್ಚೇ ಬೆರಗಾದಳು. ನಮಗೆ ಒಂದು ಮಂಕರಿ ಎಲೆಕೋಸು ಕೊಟ್ಟಳು.

ವಿಹಾರದಲ್ಲಿ ಹಿರಿಯ ಭಿಕ್ಷುಗಳು ಅಪ್ಪನ ಮಾತನ್ನೆಲ್ಲ ಕಣ್ಣುಮುಚ್ಚಿ ಕೇಳಿದರು. ಸುಳ್ಳು ಹೇಳುವ ಹಾಗಿಲ್ಲ ಅವರು. ಅಂದು ಬೆಳಗ್ಗೆಯಿಂದ ಮೌನ ಹಿಡಿದಿದ್ದಾರೆ ಎಂದು ಅಲ್ಲಿ ಅಡುಗೆ ಮಾಡುವ ಹೆಂಗಸು ಹೇಳಿದಳು. ಅಪ್ಪ ಕೆಲಸ ಮುಗಿಸಿದ ಮೇಲೆ ಅವರು ಅವನ ತಲೆಯ ಮೇಲೆ ಮಂತ್ರಜಲವನ್ನು ವಾಡಿಕೆಗಿಂತ ಹೆಚ್ಚು ಚಿಮುಕಿಸಿದರು.

ಹೀಗೆಯೇ ಹತ್ತು ಮನೆ. ಹತ್ತು ಕಡೆಯೂ ಹಸಿರು ಒದ್ದೆ, ಹತ್ತು ಕಡೆಯೂ ಬೆರಳಿಗೆ ಬರುವ ಬೋಲ್ಟು, ಹತ್ತು ಕಡೆಯೂ ಅತಿಯಾದ ಬೆರಗು. ಅಪ್ಪ ಪ್ರತಿ ಮನೆಯಲ್ಲೂ ಕೈ ಜೋಡಿಸಿ ತಪ್ಪಾಯ್ತು ಎಂದ. ಹತ್ತನೆಯ ಮನೆಯ ಹೊತ್ತಿಗೆ ಆ ಮಾತು ಅವನಿಗೆ ಸಲೀಸಾಗಿತ್ತು. ಒಬ್ಬನ ಅಂಗಿಯ ಜೇಬು ವಾಲ್ವಿನಷ್ಟೇ ದುಂಡಗೆ ಉಬ್ಬಿತ್ತು. ಅಪ್ಪ ಅವನ ಎದೆಯನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಾ ಮಾತಾಡಿದ.

ಕೊನೆಯದು ಬುನ್ಮಾ ದೊಡ್ಡಪ್ಪನ ಮನೆ. ಅಪ್ಪನಿಗೆ ಅವನು ಶಾಲೆಯ ದಿನಗಳ ಗೆಳೆಯ. ಹಿಂದೆ ಎರಡು ಸಾಲು ಬೆಂಚು ಹಾಕಿದ ನೀಲಿ ಗಾಡಿಯಲ್ಲಿ ಘಾಟಿಯ ಮೇಲಿನ ಉಪ್ಪಿನ ಬಾವಿಗಳ ಊರಿಗೆ ಜನರನ್ನು ಕರೆದೊಯ್ಯುವುದು ಅವನ ಕೆಲಸ. ನಾವು ಹೋದಾಗ ಅವನು ಆಗಷ್ಟೇ ಗಾಡಿ ನಿಲ್ಲಿಸಿ ಕಾಲು ತೊಳೆಯುತ್ತಿದ್ದ.

"ಏನೋ ಖಂಪಾನ್, ಇಸ್ತ್ರಿ ಅಂಗಿ! ಯಾರ ಮನೆ ಹೆಣ್ಣು ಕೇಳೋಕೆ ಹೊರಟೆ?"

"ಬುನ್ಮಾ, ನಿನ್ನ ಗಾಡಿಗೆ ವಾಲ್ವ್ ಹಾಕೋಕೆ ಬಂದೆ. ನಾನು ಇಷ್ಟು ದಿನ ಹೇಳಿದ್ದು ತಪ್ಪು."

ಬುನ್ಮಾ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಅವನು ನನ್ನನ್ನು ನೋಡಿದ. ಅವನ ಗಾಡಿಯ ಕೆಳಗೆ ಮಣ್ಣು ಒಣಗಿತ್ತು. ಎರಡು ದಿನದಿಂದ ಘಾಟಿಯ ಮೇಲಿದ್ದಾನೆ, ಅಲ್ಲಿ ಫೋನು ಸಿಗುವುದಿಲ್ಲ. ಅವನಿಗೆ ಸುದ್ದಿಯೇ ಮುಟ್ಟಿಲ್ಲ ಎಂದು ನನಗೆ ಆಗ ಹೊಳೆಯಿತು.

"ಇವತ್ತು ಬೇಡ ಕಣೋ, ಇಂಜಿನ್ ಸುಡ್ತಾ ಇದೆ..."

"ಆರೋ ತನಕ ಕಾಯ್ತೀನಿ. ಕಾಫಿ ಮಾಡು."

ಕಾಫಿ 'ಮಾಡೋದು' ಒಂದು ಗಂಟೆ ನಡೆಯಿತು. ಆಮೇಲೂ ಅಪ್ಪ ಎದ್ದು ಬಾನೆಟ್ ಎತ್ತಿಯೇಬಿಟ್ಟ. ಇಲ್ಲಿ ಬೋಲ್ಟು ಕಿರುಚಿತು. ಮುಚ್ಚಳ ಬಂತು. ಗೂಡಿನಲ್ಲಿ ಒಂದು ವಾಲ್ವ್ ಕುಳಿತಿತ್ತು, ಸ್ಪ್ರಿಂಗು ನಮ್ಮ ಕಡೆಗೆ ಮುಖ ಮಾಡಿ.

ಅಂಗಳದಲ್ಲಿ ಕೋಳಿಯೊಂದು ಕೆದಕುತ್ತಿತ್ತು. ಅಪ್ಪನ ಬೆನ್ನು ಅಲುಗಾಡಲಿಲ್ಲ. ನಾನು ಪೆಟ್ಟಿಗೆಯ ಹಿಡಿ ಬಿಗಿಯಾಗಿ ಹಿಡಿದುಕೊಂಡೆ.

"ಅದು..." ಎಂದ ಬುನ್ಮಾ ದೊಡ್ಡಪ್ಪ. ಗಂಟಲು ಸರಿಮಾಡಿಕೊಂಡ. "ಗಾಡಿಯಮ್ಮ ಹಾಕಿರ್ಬೇಕು ಕಣೋ."

ಅಪ್ಪ ಆ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ನೋಡಿದ.

"ಹಾಕಿದಾಳೆ," ಎಂದ. "ಆದ್ರೆ ತಿರುಗುಮುರುಗು ಹಾಕಿದಾಳೆ."

"ಹೌದಾ?"

"ಎಷ್ಟು ದಿನದಿಂದ ಕುದೀತಿದೆ?"

"ಎರಡು ವರ್ಷ." ಬುನ್ಮಾ ದೊಡ್ಡಪ್ಪನ ದನಿ ಸಣ್ಣದಾಯಿತು. "ಘಾಟಿ ಮೇಲೆ ಆ ದೊಡ್ಡ ತಿರುವು ಇದೆಯಲ್ಲ, ಅಲ್ಲಿಗೆ ಬರೋ ಹೊತ್ತಿಗೆ ಸೂಜಿ ಕೆಂಪಿಗೆ ಹೋಗತ್ತೆ. ಕಣಿವೆ ನೋಡಿ, ಫೋಟೋ ತೆಗೀರಿ ಅಂತ ಎಲ್ರನ್ನೂ ಇಳಿಸ್ತೀನಿ. ಅವ್ರು ಫೋಟೋ ತೆಗೆಯೋಷ್ಟರಲ್ಲಿ ಬಕೆಟ್ ನೀರು ಸುರಿದು ಇದನ್ನ ಆರಿಸ್ತೀನಿ. ಈಗ ಬೇರೆ ಗಾಡಿಯವ್ರೂ ಅಲ್ಲಿ ನಿಲ್ಲಿಸ್ತಾರೆ. ಒಬ್ಳು ಜೋಳ ಸುಡೋ ಅಂಗಡಿನೂ ಹಾಕಿದಾಳೆ."

"ಬೆಂಚಿನ ಮೇಲೆ ಹತ್ತು ಜನ ಕೂರಿಸ್ಕೊಂಡು ಎರಡು ವರ್ಷ ಹೀಗೆ ಓಡ್ಸಿದ್ದೀಯಾ? ಇಂಜಿನ್ ಬಿರುಕು ಬಿಟ್ಟಿದ್ರೆ ಏನೋ ಗತಿ? ನನ್ನ ಹತ್ರ ಬರೋಕೇನಾಗಿತ್ತು ನಿಂಗೆ?"

"ಹೇಗೋ ಬರ್ಲಿ?" ಎಂದ ಬುನ್ಮಾ ದೊಡ್ಡಪ್ಪ. "ನೀನೇ ಹೇಳು, ಹೇಗೆ ಬರ್ಲಿ?"

ಅಪ್ಪ ಕೈ ಒರೆಸಿಕೊಂಡು ಗೂಡಿನಿಂದ ಆ ವಾಲ್ವನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡ. ಗೂಡು ಕೆರೆದು, ಒರೆಸಿ, ಹೊಸದನ್ನು ಸ್ಪ್ರಿಂಗು ಒಳಗೆ, ಪಿನ್ನು ಮೇಲೆ ಮಾಡಿ ಕೂರಿಸಿದ. ಬೋಲ್ಟು ಬಿಗಿಯುತ್ತಾ, ಎಲ್ಲೋ ನೋಡುತ್ತಾ, "ಗಾಡಿಯಮ್ಮಂಗೆ ಹೇಳು," ಎಂದ. "ಇನ್ಮೇಲೆ ಏನಾದ್ರೂ ಹಾಕ್ಬೇಕು ಅನ್ಸಿದ್ರೆ ನನ್ನ ಕರೀಲಿ. ನಾನು ಬೇಜಾರು ಮಾಡ್ಕೊಳಲ್ಲ ಅಂತ ಹೇಳು."

"ಹೇಳ್ತೀನಿ."

"ಈ ಊರಿನ ಎಲ್ಲ ಗಾಡಿಯಮ್ಮಂದಿರಿಗೂ ಹೇಳು."

ಬುನ್ಮಾ ದೊಡ್ಡಪ್ಪ ಕೋಳಿಯನ್ನು ನೋಡುತ್ತಾ ತಲೆಯಾಡಿಸಿದ. ನಾನು ಆ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಪರೀಕ್ಷೆಗೆಂದು ಮೂವರೂ ಗಾಡಿ ಹತ್ತಿ ಘಾಟಿಯ ಮೇಲೆ ಹೋದೆವು. ನಾನು ಹಿಂದಿನ ಬೆಂಚಿನಲ್ಲಿ, ಅವರಿಬ್ಬರು ಮುಂದೆ, ನಡುವಿನ ಕಿಟಕಿ ತೆರೆದಿತ್ತು. ಏರು ಶುರುವಾಯಿತು. ಸೂಜಿ ನಡುವಿಗೆ ಬಂದು ಅಲ್ಲಿಯೇ ಉಳಿಯಿತು. ದೊಡ್ಡ ತಿರುವು ಬಂದಾಗ ಗಾಡಿ ತಾನಾಗಿ ಎಡಕ್ಕೆ ಸರಿದು ನಿಂತಿತು.

"ಯಾಕೋ ನಿಲ್ಲಿಸ್ದೆ? ಸೂಜಿ ಸರಿಯಾಗೇ ಇದೆ," ಎಂದ ಅಪ್ಪ.

"ರೂಢಿ," ಎಂದ ಬುನ್ಮಾ ದೊಡ್ಡಪ್ಪ, ನಾಚಿಕೊಂಡು.

ಇಳಿದೆವು. ಕೆಳಗೆ ಕಣಿವೆ, ಕೊಯ್ದ ಗದ್ದೆಗಳು, ನಮ್ಮೂರಿನ ತಗಡು ಸೂರುಗಳು, ವಿಹಾರದ ಚಿನ್ನದ ತುದಿ. ಬುನ್ಮಾ ದೊಡ್ಡಪ್ಪ ಬಕೆಟ್ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ಎರಡು ವರ್ಷದಿಂದ ಇಲ್ಲಿ ದಿನಾ ನಿಲ್ಲಿಸ್ತೀನಿ," ಎಂದ. "ಯಾವಾಗ್ಲೂ ತಲೆ ಬಾನೆಟ್ ಒಳಗೆ. ಇದನ್ನ ನಾನು ನೋಡೇ ಇರ್ಲಿಲ್ಲ ನೋಡು."

ಜೋಳದವಳು ಮೂರು ತೆನೆ ಸುಟ್ಟು ಕೊಟ್ಟಳು. ಅಪ್ಪ ತಿನ್ನುತ್ತಾ ಕೆಳಗಿನ ಸೂರುಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದ, ವಾನ್ದೀದು, ಅದರಾಚೆ ಜೇಬಿನವನದು.

"ಲಾ," ಎಂದ. "ಹತ್ತು ಮನೇಲಿ ಈಗ ಒಂದೊಂದು ವಾಲ್ವ್ ಹೆಚ್ಚಾಗಿ ಉಳಿದಿರತ್ತಲ್ಲ."

ನಾನು ಜೋಳ ಅಗಿಯುವುದನ್ನು ನಿಲ್ಲಿಸಿದೆ.

"ಬಿಸಾಕ್ಬೇಡಿ ಅಂತ ಹೇಳ್ಬೇಕು. ಬಲೆ ಒಂದು ಕಡೆ ಹಗುರ ಇದೆ." ಅವನು ಕೋಟಿನ ಜೇಬಿನಿಂದ ಬುನ್ಮಾನ ವಾಲ್ವನ್ನು ತೆಗೆದು ಅಂಗೈಯಲ್ಲಿ ತೂಗಿ ನೋಡಿದ. ಅದು ಜೇಬಿನ ಬಿಸಿಗೆ ಉಗುರುಬೆಚ್ಚಗಾಗಿತ್ತು.